ಲಿಲ್ಲಿಯ ಮೊಳಕೆ ಮುರಿಸಿದ ಸಲಹೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಅವಧಿಗೆ ಮೊದಲೇ ಕಳುಹಿಸಿದ ಹೂಗೆಡ್ಡೆಗಳು ಮತ್ತು ನಿಮ್ಮ ಸಿಬ್ಬಂದಿ ಕೊಟ್ಟ ತಪ್ಪು ಸಲಹೆ

ಮಾನ್ಯರೇ,

ವಸಂತದಲ್ಲಿ ನೆಡಲೆಂದು ನಿಮ್ಮಲ್ಲಿ 10 ಲಿಲ್ಲಿ, 6 ಡೇಲಿಯಾ, 20 ಗ್ಲಾಡಿಯೋಲಸ್ ಗೆಡ್ಡೆ ತರಿಸಿಕೊಂಡೆ. 'ನೆಡುವ ಹೊತ್ತಿಗೆ ಸರಿಯಾಗಿ ತಲುಪಿಸುತ್ತೇವೆ' ಎಂದು ಆರ್ಡರ್ ಚೀಟಿಯಲ್ಲೇ ಇದೆ. ಪೆಟ್ಟಿಗೆ ಬಂದದ್ದು ಅದಕ್ಕೆ ಎರಡು ತಿಂಗಳು ಮೊದಲು, ನೆಲ ಇನ್ನೂ ಹೆಪ್ಪುಗಟ್ಟಿದ್ದಾಗ.

ಒಳಗೆ ಒಂದೂ ತೂತಿಲ್ಲದ ಪ್ಲಾಸ್ಟಿಕ್ ಚೀಲ, ಅದರ ತುಂಬ ಬೆವರು. ಲಿಲ್ಲಿಗಳಿಗೆ ಆಗಲೇ ಬೆರಳುದ್ದದ ಬಿಳಿಚಿದ ಮೊಳಕೆ. ಎರಡು ಡೇಲಿಯಾಗಳ ಬುಡಕ್ಕೆ ಬೂಸ್ಟು. ಬಿಚ್ಚಿದ ದಿನವೇ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇನೆ. 'ಗ್ರಾಹಕರು ಸರಿಯಾಗಿ ಸಂಗ್ರಹಿಸಿಲ್ಲ' ಎಂದು ನೀವು ಬರೆದ ಉತ್ತರಕ್ಕೆ ಆ ಫೋಟೊಗಳೇ ಸಾಕು.

ಮೊಳಕೆ ಬಂದದ್ದೇ ನನ್ನ ದೂರಲ್ಲ. ಬೆಚ್ಚಗೂ ತೇವವೂ ಇದ್ದರೆ ಗೆಡ್ಡೆ ಚಿಗುರದೆ ಇನ್ನೇನು ಮಾಡೀತು? ಅದರಲ್ಲೂ ಲಿಲ್ಲಿಗೆ ಈರುಳ್ಳಿಯಂಥ ಒಣಸಿಪ್ಪೆಯಿಲ್ಲ, ಅದು ಪೂರ್ತಿ ನಿದ್ದೆಗೆ ಹೋಗುವ ಜಾತಿಯೂ ಅಲ್ಲ. ನನಗೆ ಸಿಟ್ಟು ಬಂದದ್ದು ಆಮೇಲೆ ನಡೆದದ್ದಕ್ಕೆ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, 'ಮೊಳಕೆಗಳನ್ನೆಲ್ಲ ಮುರಿದುಹಾಕಿ ಫ್ರಿಜ್ಜಿನಲ್ಲಿಡಿ, ಮತ್ತೆ ಬರುತ್ತವೆ' ಎಂದರು. ಯಾವ ಗೆಡ್ಡೆ ಎಂದು ಕೇಳಲೂ ಇಲ್ಲ. ಡೇಲಿಯಾಕ್ಕೆ ಈ ಮಾತು ನಡೆಯುತ್ತದೆ, ಬುಡದಲ್ಲಿ ಬೇರೆ ಕಣ್ಣುಗಳಿರುತ್ತವೆ. ಆದರೆ ಲಿಲ್ಲಿಯ ಗೆಡ್ಡೆಗೆ ಸಾಮಾನ್ಯವಾಗಿ ಒಂದೇ ಕುಡಿ. ಆ ವರ್ಷದ ಕಾಂಡ, ಎಲೆ, ಹೂವು ಎಲ್ಲ ಅದರಲ್ಲೇ. ಅದನ್ನು ಮುರಿದರೆ ಆ ವರ್ಷದ ಹೂವಿನ ಆಸೆ ಬಿಟ್ಟಂತೆ. ಹೂಗೆಡ್ಡೆ ಮಾರುವವರಿಗೆ ಇಷ್ಟು ಗೊತ್ತಿರಬೇಡವೇ? ಫ್ರಿಜ್ಜಿನಲ್ಲಿ ಹಣ್ಣಿನ ಪಕ್ಕ ಇಡಬೇಡಿ ಎಂದಾದರೂ ಹೇಳಬಹುದಿತ್ತು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನೇ ಕೆಡಿಸಬಲ್ಲದು.

ನಾನೂ ದಡ್ಡಿ, ನಂಬಿದೆ. ಎಂಟು ಲಿಲ್ಲಿಗಳ ಮೊಳಕೆ ಚಿವುಟಿದೆ. ಯಾಕೋ ಕೈ ಬರದೆ ಎರಡನ್ನು ಮಾತ್ರ ಹಾಗೇ ಉಳಿಸಿ, ಆಳವಾದ ಕುಂಡದಲ್ಲಿ ನೆಟ್ಟು, ಬೆಳಕು ಚೆನ್ನಾಗಿದ್ದು ಚಳಿ ಕಡಿಮೆಯಿರುವ ಕಿಟಕಿಯ ಬಳಿ ಇಟ್ಟೆ. ನೀರು ಹಾಕಿದ್ದು ಮಣ್ಣು ಒಣಗಿದಾಗಷ್ಟೆ. ಬಿಳಿಚಿದ್ದ ಮೊಳಕೆ ಹತ್ತೇ ದಿನದಲ್ಲಿ ಹಸಿರಾಯಿತು. ಈಗ ಎರಡೂ ಗೇಣುದ್ದ ಬೆಳೆದಿವೆ, ಹಿಮ ಬೀಳುವುದು ನಿಂತ ಮೇಲೆ ಬೇರು ಕದಲದಂತೆ ಹೊರಗೆ ನೆಡುತ್ತೇನೆ. ಚಿವುಟಿದ ಎಂಟರಲ್ಲಿ ಒಂದೂ ತಲೆಯೆತ್ತಿಲ್ಲ.

ಆದ್ದರಿಂದ ಎಂಟು ಲಿಲ್ಲಿ ಮತ್ತು ಬೂಸ್ಟು ಹಿಡಿದ ಎರಡು ಡೇಲಿಯಾಗಳನ್ನು ಬದಲಿಸಿ ಕೊಡಿ, ಇಲ್ಲವೇ ಅವುಗಳ ಹಣ ಹಿಂತಿರುಗಿಸಿ. ಬದಲಿ ಗೆಡ್ಡೆಗಳನ್ನು ನೆಡುವ ವಾರಕ್ಕೇ ಕಳುಹಿಸಿ, ಗಾಳಿಯಾಡುವ ಚೀಲದಲ್ಲಿ. ಲಿಲ್ಲಿಯನ್ನು ತುಸು ತೇವದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ), ಗ್ಲಾಡಿಯೋಲಸ್ಸನ್ನು ಒಣಗಿಸಿ ಇಡಬೇಕೆಂಬ ಚೀಟಿಯೊಂದನ್ನು ಪೆಟ್ಟಿಗೆಯೊಳಗೆ ಹಾಕಿದರೆ ನಿಮಗೇನೂ ಹೊರೆಯಾಗದು. ಫೋನ್ ಎತ್ತುವವರಿಗೂ ಅದರ ಒಂದು ಪ್ರತಿ ಕೊಡಿ.

ಈ ಸಲವೂ ಉತ್ತರ ಬರವಣಿಗೆಯಲ್ಲೇ ಬರಲಿ. ಫೋನಿನ ಮಾತು ನಂಬಿ ಒಮ್ಮೆ ಕೆಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಆರ್ಡರ್ ಚೀಟಿಯ ಪ್ರತಿ, ಫೋಟೊಗಳು