ನೇಪರ್‌ವಿಲ್‌ನಿಂದ ಅಪ್ಪನಿಗೆ

ನೇಪರ್‌ವಿಲ್, ಇಲಿನಾಯ್
ಆಗಸ್ಟ್ 2025

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಸಾಗರದ ಕಡೆ ಮಳೆ ಇನ್ನೂ ಬಿಟ್ಟಿಲ್ಲ ಅಂತ ಅಣ್ಣ ಹೇಳಿದ. ಕೊಟ್ಟಿಗೆ ಹಿಂದಿನ ದರೆ ಜರಿಯದೆ ನಿಂತಿದೆ ತಾನೇ? ಅಮ್ಮನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಸುಮ್ನೆ ಕೂತರೆ ಆಗುವುದಿಲ್ಲ, ಒಂದು ಸಲ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿದಿದೆ. "ಅಷ್ಟು ದೂರ ಹೋಗಿಯೂ ಮಕ್ಕಳನ್ನು ಸರ್ಕಾರಿ ಶಾಲೆಗೇ ಹಾಕಿದ್ದೀಯಲ್ಲ, ಅದನ್ನು ನಡೆಸುವವರು ಯಾರು?" ಅಂದಿರಿ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರಿಗೆ ಅರ್ಧಂಬರ್ಧ ಉತ್ತರ ಕೊಡಬಾರದು ಅಂತ ಪತ್ರವನ್ನೇ ಬರೆಯುತ್ತಿದ್ದೇನೆ.

ಇಲ್ಲಿ ಶಾಲೆಗಳನ್ನು ನಡೆಸುವುದು ಡೆಲ್ಲಿಯಂಥ ದೂರದ ಸರ್ಕಾರ ಅಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅಂತ ಒಂದು ಇರುತ್ತದೆ. ನಮ್ಮ ಜಿಲ್ಲೆಗೂ ಅದಕ್ಕೂ ಸಂಬಂಧ ಇಲ್ಲ, ಅದು ಶಾಲೆಗಳಿಗಾಗಿಯೇ ಇರುವ ಬೇರೆ ಆಡಳಿತ. ನಮ್ಮದು ಇಂಡಿಯನ್ ಪ್ರೇರಿ 204. ಶಿಕಾಗೋದ ಪಶ್ಚಿಮಕ್ಕೆ ನೇಪರ್‌ವಿಲ್ ಮತ್ತು ಅರೋರಾ ಊರುಗಳ ಭಾಗಗಳನ್ನು, ಅಕ್ಕಪಕ್ಕದ ಇನ್ನಷ್ಟು ಜಾಗವನ್ನು ಸೇರಿಸಿ 1972ರಲ್ಲಿ ಆದದ್ದು. ಆಗ ಇಲ್ಲೆಲ್ಲ ಜೋಳದ ಹೊಲಗಳಂತೆ. ಈಗ 25 ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಾರೆ. ಮೂರು ದೊಡ್ಡ ಹೈಸ್ಕೂಲುಗಳಿವೆ: 1975ರ ವಾಬಾನ್ಸಿ ವ್ಯಾಲಿ, 1997ರ ನ್ಯೂಕ್ವಾ ವ್ಯಾಲಿ, 2009ರ ಮೆಟಿಯಾ ವ್ಯಾಲಿ. ಇವು ಮೂರೂ ಈ ನೆಲದಲ್ಲಿ ಮೊದಲು ಬಾಳಿದ ಪಾಟವಾಟಮಿ ಜನರ ಹೆಸರುಗಳು. ವಾಬಾನ್ಸಿ ಅವರ ನಾಯಕ, ನ್ಯೂಕ್ವಾ ಅವನ ಮಗ, ಮೆಟಿಯಾ ಇನ್ನೊಬ್ಬ ನಾಯಕ. 1833ರ ಶಿಕಾಗೋ ಒಪ್ಪಂದದ ನಂತರ ಆ ಜನರಲ್ಲಿ ಹೆಚ್ಚಿನವರನ್ನು ಮಿಸಿಸಿಪ್ಪಿ ನದಿಯ ಆಚೆಗೆ ಕಳಿಸಿಬಿಟ್ಟರು. ಶಾಲೆಯ ಫಲಕ ನೋಡಿದಾಗಲೆಲ್ಲ ನನಗೆ ಶರಾವತಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನೆನಪಾಗುತ್ತದೆ ಅಪ್ಪ. ಹೆಸರು ಉಳಿಯಿತು, ಜನ ಉಳಿಯಲಿಲ್ಲ.

ಇನ್ನು ದುಡ್ಡಿನ ವಿಷಯ. ನೀವು ಮೊದಲು ಕೇಳುವುದು ಅದನ್ನೇ ಅಂತ ಗೊತ್ತು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ, ಮನೆ ತೆರಿಗೆ ಕಟ್ಟುತ್ತೇವೆ. ಆ ಬಿಲ್ಲು ನೋಡಬೇಕು ನೀವು. ಲೈಬ್ರರಿಗೆ ಇಷ್ಟು, ಪಾರ್ಕಿಗೆ ಇಷ್ಟು, ಕಾಡು ಕಾಯುವುದಕ್ಕೆ ಇಷ್ಟು ಅಂತ ಒಂದೊಂದು ಸಾಲಿನಲ್ಲಿ ಬರೆದಿರುತ್ತದೆ. ಎಲ್ಲಕ್ಕಿಂತ ದಪ್ಪ ಸಾಲು ಶಾಲೆಯದು. ನಾವು ಕಟ್ಟುವ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತದೆ. ಮಕ್ಕಳಿರಲಿ ಇಲ್ಲದಿರಲಿ, ಮನೆ ಇದ್ದವರೆಲ್ಲ ಕಟ್ಟಲೇಬೇಕು. ಹಾಗಂತ ಬೇಕಾದಷ್ಟು ಏರಿಸುವ ಹಾಗೂ ಇಲ್ಲ. ಬೆಲೆ ಏರಿಕೆಯ ಪ್ರಮಾಣ ಅಥವಾ 5 ಶೇಕಡಾ, ಯಾವುದು ಕಡಿಮೆಯೋ ಅಷ್ಟು ಮಾತ್ರ ಏರಿಸಬಹುದು ಅಂತ ಕಾನೂನು ಕಟ್ಟು ಹಾಕಿದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಜನರನ್ನೇ ಕೇಳಬೇಕು. ಓಟು ಹಾಕಿಸಬೇಕು.

ಡಿಸ್ಟ್ರಿಕ್ಟ್ ನಡೆಸುವುದಕ್ಕೆ ಏಳು ಜನರ ಬೋರ್ಡ್ ಇದೆ. ಊರಿನವರೇ ಆರಿಸಿದವರು, ನಾಲ್ಕು ವರ್ಷದ ಅವಧಿ. ಇಲಿನಾಯ್ ಕಾನೂನಿನ ಪ್ರಕಾರ ಅವರಿಗೆ ಒಂದು ರೂಪಾಯಿ ಸಂಬಳ ಇಲ್ಲ. ನಮ್ಮ ಶಾಲೆಯ ಎಸ್‌ಡಿಎಂಸಿ, ಆ ತಂದೆತಾಯಿಗಳ ಸಮಿತಿ, ನೆನಪಾಯಿತು ಅಲ್ವಾ? 2001ರಲ್ಲಿ ಅದು ಹೊಸದಾಗಿ ಬಂದಾಗ ನೀವು ಮನೆಮನೆಗೆ ಹೋಗಿ, "ಬನ್ನಿ, ಇದು ನಿಮ್ಮ ಶಾಲೆ" ಅಂತ ತಂದೆತಾಯಿಗಳನ್ನು ಕರೆಯುತ್ತಿದ್ದಿರಿ. ಇಲ್ಲಿಯ ಬೋರ್ಡ್ ಕೈಯಲ್ಲಿ ಅಧಿಕಾರ ತುಂಬಾ ಜಾಸ್ತಿ. ಮೇಷ್ಟ್ರನ್ನು ನೇಮಿಸುವುದು, ಸಂಬಳದ ಒಪ್ಪಂದ, ಬಜೆಟ್ಟು ಎಲ್ಲ ಅವರದೇ. ಆದರೆ ಬಜೆಟ್ಟಿನ ಕರಡನ್ನು ಕನಿಷ್ಠ 30 ದಿನ ಎಲ್ಲರೂ ನೋಡುವ ಹಾಗೆ ಇಟ್ಟು, ಜನರ ಮಾತು ಕೇಳಿ, ಆಮೇಲೇ ಮಂಜೂರು ಮಾಡಬೇಕು. ಸೆಪ್ಟೆಂಬರ್ ಮುಗಿಯುವುದರೊಳಗೆ ಇದೆಲ್ಲ ಆಗಬೇಕು. ಹಾಗಾಗಿ ನಮಗೆ ಈಗ ಅದರದೇ ಕಾಲ. ಹೋದ ವರ್ಷ ನಾನೂ ಆ ಸಭೆಗೆ ಹೋಗಿದ್ದೆ. ಒಬ್ಬ ತಾಯಿ ಮೈಕಿನ ಮುಂದೆ ನಿಂತು ತನ್ನ ಮಗನ ಬಸ್ಸಿನ ಬಗ್ಗೆ ಮಾತಾಡಿದಳು. ಕೈ ನಡುಗುತ್ತಿತ್ತು, ಚೀಟಿ ಹಿಡಿದುಕೊಂಡೇ ಓದಿದಳು. ಏಳೂ ಜನ ತಲೆ ಎತ್ತಿ ಕೇಳಿಸಿಕೊಂಡರು. ಬಿಇಒ ಆಫೀಸಿನ ಬೆಂಚಿನ ಮೇಲೆ ನೀವು ಕಾದ ದಿನಗಳೆಲ್ಲ ನನಗೆ ನೆನಪಿವೆ. ಅಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಟ್ಟಡಗಳೆಲ್ಲ ಹಳೆಯದಾಗಿದ್ದವು. ವಾಬಾನ್ಸಿಗೇ 50 ವರ್ಷ ಆಯಿತು. ಮಾಡು, ಪೈಪು, ಬಿಸಿಗಾಳಿಯ ಯಂತ್ರಗಳು, ಗಾಲಿಕುರ್ಚಿಯ ಮಕ್ಕಳಿಗೆ ಬೇಕಾದ ಅನುಕೂಲ, ಬಾಗಿಲ ಭದ್ರತೆ, ಹೀಗೆ ಕೆಲಸ ತುಂಬಾ ಇತ್ತು. ಇದಕ್ಕೆಲ್ಲ 42 ಕೋಟಿ ಡಾಲರ್ ಸಾಲ ಎತ್ತಬಹುದೇ ಅಂತ 2024ರ ನವೆಂಬರ್ 5ರಂದು, ಅಧ್ಯಕ್ಷರ ಚುನಾವಣೆಯ ದಿನವೇ, ಜನರನ್ನು ಕೇಳಿದರು. ಹಳೆಯ ಸಾಲ ತೀರುತ್ತಾ ಬಂದಿತ್ತು. ಹಾಗಾಗಿ ಈಗಿನ ತೆರಿಗೆ ದರವೇ ಮುಂದುವರಿಯುತ್ತದೆ, ಏರುವುದಿಲ್ಲ ಅಂದರು. ಬೇಡ ಅಂದರೆ ತೆರಿಗೆ ಅಷ್ಟು ಕಡಿಮೆ ಆಗುತ್ತಿತ್ತು. ಜನ ಯೋಚನೆ ಮಾಡಬೇಕಾದ್ದು ಇದನ್ನೇ.

ನನಗೆ ಓಟಿಲ್ಲ ಅಪ್ಪ. ಗ್ರೀನ್ ಕಾರ್ಡಿನ ಸಾಲಿನಲ್ಲೇ ಇದ್ದೇವೆ. ತೆರಿಗೆ ಕಟ್ಟುತ್ತೇವೆ, ಓಟು ಹಾಕುವ ಹಾಗಿಲ್ಲ. ಆ ದಿನ ನನಗೆ ಇದು ತುಂಬಾ ಚುಚ್ಚಿತು. ಆದರೆ ಪಕ್ಕದ ಮನೆಯ ಅಜ್ಜಿ ಬಂದು, ಮತಗಟ್ಟೆಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ ಅಂತ ಕೇಳಿದರು. ಎಂಬತ್ತು ದಾಟಿದೆ, ಒಬ್ಬರೇ ಇರುತ್ತಾರೆ. ಅವರ ಮಕ್ಕಳು ವಾಬಾನ್ಸಿಯಲ್ಲಿ ಓದಿ ಬೇರೆ ಊರು ಸೇರಿ ಎಷ್ಟೋ ವರ್ಷ ಆಯಿತು. ಹೊರಡುವ ಮೊದಲು ನಮ್ಮ ಊಟದ ಮೇಜಿನ ಮೇಲೆ ಮಾದರಿ ಮತಪತ್ರ ಹರಡಿಕೊಂಡರು. ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದಿದರು. ಶಾಲೆಯ ಪ್ರಶ್ನೆ ಬಂದಾಗ ಬೆರಳಿಟ್ಟುಕೊಂಡು ಎರಡು ಸಲ ಓದಿದರು. ಆಮೇಲೆ ಹಳೆಯ ಕತೆ ಹೇಳಿದರು. ಮೂರನೇ ಹೈಸ್ಕೂಲು ಬೇಕು ಅಂತ 2005ರಲ್ಲಿ ಕೇಳಿದಾಗ ಜನ ಬೇಡ ಅಂದಿದ್ದರಂತೆ. ಅವರೂ ಬೇಡ ಅಂದವರೇ. ಮರುವರ್ಷ ಮತ್ತೆ ಕೇಳಿದರು, ಜನ ಒಪ್ಪಿದರು. ಅಷ್ಟಕ್ಕೇ ಮುಗಿಯಲಿಲ್ಲ. ಮೊದಲು ಗುರುತಿಸಿದ ಜಮೀನಿಗೆ ಕೋರ್ಟಿನ ಜ್ಯೂರಿ ಎಕರೆಗೆ 5 ಲಕ್ಷ ಡಾಲರಿಗೂ ಮೇಲೆ ಬೆಲೆ ಕಟ್ಟಿತು. ಬೋರ್ಡ್ ಅದನ್ನು ಬಿಟ್ಟು ಬೇರೆ ಜಾಗದಲ್ಲಿ ಕಟ್ಟಿತು. ಅದೇ ಮೆಟಿಯಾ. ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅನ್ನುವುದಕ್ಕೆ ಊರಿನಲ್ಲಿ ದೊಡ್ಡ ಜಗಳವೇ ಆಗಿತ್ತು ಅಂದರು.

ಮತಗಟ್ಟೆಯ ಹೊರಗೆ ನಾನು ಕಾರಿನಲ್ಲಿ ಕಾದೆ. ಅಜ್ಜಿ ಕೋಟಿನ ಮೇಲೆ ಓಟಿನ ಸ್ಟಿಕರ್ ಅಂಟಿಸಿಕೊಂಡು ಬಂದರು. ಯಾವ ಕಡೆ ಹಾಕಿದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರಸ್ತಾಪ ಗೆದ್ದಿತು. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನೀವು. ನಮ್ಮ ಶಾಲೆಯ ನಾಲ್ಕನೇ ಕ್ಲಾಸಿನ ಕೋಣೆ ಸೋರುತ್ತಿತ್ತಲ್ಲ, ಆಗ ನೀವೇ ಪಂಚೆ ಎತ್ತಿಕಟ್ಟಿ ಏಣಿ ಹತ್ತಿ ಹಂಚು ಕೈಯಾಡಿಸುತ್ತಿದ್ದಿರಿ. ಕೆಳಗೆ ನಾನು ಒಡೆದ ಹಂಚು ಹಿಡಿದು ನಿಂತಿರುತ್ತಿದ್ದೆ. ಅರ್ಜಿ ಕೊಟ್ಟು ಮೂರು ಮಳೆಗಾಲ ಕಳೆದಿತ್ತು. ಇಲ್ಲಿಯ ಜನ ಎಲ್ಲೋ ದೂರಕ್ಕೆ ಅರ್ಜಿ ಬರೆದು ಕಾಯಲಿಲ್ಲ. ತಮ್ಮ ಶಾಲೆಯ ಮಾಡನ್ನು ತಮ್ಮದೇ ದುಡ್ಡಿನಲ್ಲಿ ಹೊದೆಸುತ್ತೇವೆ ಅಂತ ತಾವೇ ಒಪ್ಪಿಕೊಂಡರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ ಅಪ್ಪ. ನಡೆಸುವವರು ಊರಿನವರೇ.

ಕೆಲಸ ಒಂದು ವರ್ಷದಲ್ಲಿ ಮುಗಿಯುವಂಥದ್ದಲ್ಲ, ಹಂತಹಂತವಾಗಿ ನಡೆಯಬೇಕು.

ಓದಿನಲ್ಲಿ ಹೆಸರು ಮಾಡಿದ ಡಿಸ್ಟ್ರಿಕ್ಟ್ ಇದು. ಇಲಿನಾಯ್ ಪ್ರತಿ ಅಕ್ಟೋಬರ್ ಕೊನೆಗೆ ಒಂದೊಂದು ಶಾಲೆಯ ರಿಪೋರ್ಟ್ ಕಾರ್ಡನ್ನೂ ಎಲ್ಲರಿಗೂ ಕಾಣುವ ಹಾಗೆ ಹೊರಡಿಸುತ್ತದೆ. ಮಕ್ಕಳಿಗಲ್ಲ, ಶಾಲೆಗೇ ರಿಪೋರ್ಟ್ ಕಾರ್ಡ್! ನೇಪರ್‌ವಿಲ್‌ನ ಇನ್ನೊಂದು ಭಾಗಕ್ಕೆ 203 ಅಂತ ಬೇರೆ ಡಿಸ್ಟ್ರಿಕ್ಟ್ ಇದೆ. ಅವರ ಎಂಟನೇ ಕ್ಲಾಸಿನ ಮಕ್ಕಳು 1999ರ ಟಿಮ್ಸ್ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಸಿಂಗಪುರವನ್ನೂ ಹಿಂದೆ ಹಾಕಿದ್ದರು. ಅಲ್ಲಿ ಕೆಲವು ಹೈಸ್ಕೂಲು ಮಕ್ಕಳನ್ನು ಪಾಠಕ್ಕೆ ಮೊದಲೇ ಬೆಳಿಗ್ಗೆ ಚೆನ್ನಾಗಿ ಓಡಿಸುತ್ತಾರಂತೆ, ಮೈ ಬಿಸಿಯಾದರೆ ತಲೆ ಓಡುತ್ತದೆ ಅಂತ. ನೀವು ಮೊದಲ ಪೀರಿಯಡ್ಡಿಗೇ ನಮ್ಮನ್ನು ಮೈದಾನದಲ್ಲಿ ಡ್ರಿಲ್ ಮಾಡಿಸುತ್ತಿದ್ದದ್ದು ಸರಿಯೇ ಇತ್ತು.

ಆದರೆ ಅಂಕಗಳಿಗಿಂತ ನನ್ನ ಮನಸ್ಸು ಗೆದ್ದದ್ದು ಬೇರೆ. ನಮ್ಮ ಬೀದಿಯಲ್ಲಿ ಮಾತು ಬಾರದ ಹುಡುಗನೊಬ್ಬ ಇದ್ದಾನೆ. ಪ್ರತಿದಿನ ಚಿಕ್ಕ ಬಸ್ಸು ಅವನ ಮನೆ ಬಾಗಿಲಿಗೇ ಬರುತ್ತದೆ. ಅವನಿಗಾಗಿಯೇ ಬರೆದ ಕಲಿಕೆಯ ಯೋಜನೆ ಇದೆ, ಅದಕ್ಕೆ ತಂದೆತಾಯಿ, ಮೇಷ್ಟ್ರು, ಥೆರಪಿ ಮಾಡುವವರು ಎಲ್ಲ ಕೂತು ಮಾತಾಡುತ್ತಾರೆ. ಅಂಗವಿಕಲ ಮಕ್ಕಳ ಓದಿಗೆ ಅಂತ ಬಂದ 1975ರ ಕಾನೂನು ಇದಕ್ಕೆ ಬುಡ. ಶಾಲೆ ಇಂಥ ಮಕ್ಕಳ ಕೈಯನ್ನು 18ಕ್ಕೇ ಬಿಡುವುದಿಲ್ಲ, 22 ಆಗುವ ತನಕ ನೋಡಿಕೊಳ್ಳುತ್ತದೆ. ಕೆಳಗಿನ ಕೇರಿಯ ಆ ಹುಡುಗಿ, ನೀವು ಸೈಕಲ್ ಮೇಲೆ ಕೂರಿಸಿಕೊಂಡು ಬರುತ್ತಿದ್ದಿರಲ್ಲ, ಅವಳು ಈಗ ಹೇಗಿದ್ದಾಳೆ?

ನಿಮ್ಮ ಮೊಮ್ಮಕ್ಕಳ ಸುದ್ದಿ ಹೇಳದಿದ್ದರೆ ಅಮ್ಮ ಬಿಡುವುದಿಲ್ಲ. ಪುಟ್ಟ ಈ ವರ್ಷ ಕಿಂಡರ್‌ಗಾರ್ಟನ್. ಇಡೀ ದಿನದ ಕಿಂಡರ್‌ಗಾರ್ಟನ್ ಎಲ್ಲ ಡಿಸ್ಟ್ರಿಕ್ಟುಗಳಲ್ಲೂ 2027-28ರ ಹೊತ್ತಿಗೆ ಇರಲೇಬೇಕು ಅಂತ ರಾಜ್ಯದ ಕಾನೂನು ಬಂದಿದೆ. ಅವನನ್ನು ಸೇರಿಸುವಾಗ ಒಂದು ಫಾರಂ ಕೊಟ್ಟರು. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳಿತ್ತು. ನಾನು ಕನ್ನಡ ಅಂತ ಬರೆದೆ. ಹಾಗೆ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಸುಮ್ನೆ ಇಂಗ್ಲಿಷ್ ಅಂತ ಬರೆ ಅಂತ ಗೆಳತಿಯರು ಹೇಳಿದ್ದರು. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಪರೀಕ್ಷೆ ಮಾಡಲಿ, ಬೇಕಾದರೆ ಇಂಗ್ಲಿಷಿಗೆ ಸಹಾಯ ಕೊಡುತ್ತಾರೆ, ಅದರಲ್ಲಿ ತಪ್ಪೇನು? ಹೈಸ್ಕೂಲು ಮುಗಿಸುವಾಗ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯನ್ನೂ ಚೆನ್ನಾಗಿ ಓದಿ ಬರೆಯಬಲ್ಲ ಮಕ್ಕಳಿಗೆ ರಾಜ್ಯವೇ ದ್ವಿಭಾಷಾ ಮುದ್ರೆ ಕೊಡುತ್ತದೆ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿ ಪಡೆಯಬೇಕು ಅಂತ ನನ್ನ ಆಸೆ. ಭಾನುವಾರ ಹತ್ತು ಮಕ್ಕಳನ್ನು ಸೇರಿಸಿ ಮನೆಯಲ್ಲೇ ಅಕ್ಷರ ಹೇಳಿಕೊಡುತ್ತಿದ್ದೇನೆ.

ದೊಡ್ಡವಳು ಆರನೇ ಕ್ಲಾಸು. ಇಲ್ಲಿ ಆರಕ್ಕೆ ಮಿಡಲ್ ಸ್ಕೂಲ್ ಶುರು, ಒಂದೊಂದು ಪಾಠಕ್ಕೂ ಬೇರೆ ಕೋಣೆಗೆ ಓಡಬೇಕು. ಅವಳಿಗೆ ಪಾಠದ ಭಯ ಇಲ್ಲ, ಲಾಕರಿನ ಬೀಗದ ಭಯ. ಬಲಕ್ಕೆ ತಿರುಗಿಸಿ, ಎಡಕ್ಕೆ ಒಂದು ಸುತ್ತು ದಾಟಿಸಿ, ಮತ್ತೆ ಬಲಕ್ಕೆ. ಅಂಥದೇ ಬೀಗ ತಂದುಕೊಟ್ಟೆ. ವಾರದಿಂದ ಊಟದ ಮೇಜಿನಲ್ಲಿ ಕೂತು ಟಿಕ್ ಟಿಕ್ ಅಂತ ತಿರುಗಿಸುತ್ತಿದ್ದಾಳೆ. ನಿನ್ನೆ ಕಣ್ಣು ಮುಚ್ಚಿಕೊಂಡು ತೆರೆದು ತೋರಿಸಿದಳು. ಮುಖ ನೋಡಬೇಕಿತ್ತು!

ಎಲ್ಲ ಚೆನ್ನಾಗಿದೆ ಅಂತ ಬರೆದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಇಲ್ಲಿ ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ ಅಲ್ಲ. ಕಡಿಮೆ ಆದಾಯದ ಮನೆಯವರು ಅರ್ಜಿ ಹಾಕಿದರೆ ಸಿಗುತ್ತದೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಯಾರ ಮನೆ ಹೇಗೆ ಅಂತ ಕೇಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಿಸಿಯೂಟ ಬಡಿಸುತ್ತಾರೆ. ಇದನ್ನು ಇಲ್ಲಿಯವರಿಗೆ ಹೇಳಿದರೆ ಬೆರಗಾಗುತ್ತಾರೆ. ನಾನು ಎದೆ ಎತ್ತಿ ಹೇಳುತ್ತೇನೆ.

ಇನ್ನೊಂದು ಸಂಕಟವನ್ನು ಅಮ್ಮನಿಗೆ ಓದಿ ಹೇಳಬೇಡಿ. ಬಂದೂಕು ಹಿಡಿದವರು ಶಾಲೆಗೆ ನುಗ್ಗಿದರೆ ಏನು ಮಾಡಬೇಕು ಅಂತ ಪ್ರತಿ ವರ್ಷ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು ಅಂತ ಕಾನೂನಿದೆ. ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದು. ಈ ಸಲ ಐದು ವರ್ಷದ ಪುಟ್ಟನೂ ಕೂರಬೇಕು. ಆ 42 ಕೋಟಿಯಲ್ಲಿ ಒಂದು ಪಾಲು ಬಾಗಿಲುಗಳನ್ನು ಭದ್ರ ಮಾಡುವುದಕ್ಕೆ ಹೋಗುತ್ತದೆ. ಬೇಕೇ ಬೇಕು, ಆದರೂ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ. ನಮ್ಮ ಶಾಲೆಗೆ ಬಾಗಿಲೇ ಸರಿಯಾಗಿ ಮುಚ್ಚುತ್ತಿರಲಿಲ್ಲ, ಯಾರೂ ಹೆದರಿದ್ದಿಲ್ಲ.

ನೀವಿಬ್ಬರೂ ಅಕ್ಟೋಬರ್‌ನಲ್ಲಿ ಬರುವುದು ಗಟ್ಟಿ ತಾನೇ? ಬೋರ್ಡ್ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಿಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಬರುವಾಗ ಭಾನುವಾರದ ಮಕ್ಕಳಿಗೆ ಹನ್ನೆರಡು ಕಾಪಿ ಪುಸ್ತಕ ತನ್ನಿ, ಎರಡು ಗೆರೆಯದು. ಇಲ್ಲಿಯ ನೋಟ್ ಪುಸ್ತಕದಲ್ಲಿ ಒತ್ತಕ್ಷರಕ್ಕೆ ಜಾಗವೇ ಸಾಲುವುದಿಲ್ಲ. ಅಮ್ಮನಿಗೆ ಅಪ್ಪೆಮಿಡಿ ನೆನಪಿಸಿ.

ನಿಮ್ಮ ಪ್ರೀತಿಯ ಮಗಳು