ಚಕ್ರದ ಸದ್ದು ಕೇಳಿಸಿತು, ಅಪ್ಪ

5 ಫೆಬ್ರವರಿ 2019
ನೊವೊಸಿಬಿರ್ಸ್ಕ್ ದಾಟಿದ ಮೇಲೆ, ರೈಲಿನಲ್ಲಿ

ಪ್ರೀತಿಯ ಅಪ್ಪ, ಅಮ್ಮ,

ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡಿ, ಗಾಡಿ ಅಲ್ಲಾಡುತ್ತಿದೆ. ಹೌದು, ಗಾಡಿ. ರಜೆಗೆ ಮಾಸ್ಕೋ ನೋಡಿಕೊಂಡು ಬರುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದು ಅರ್ಧ ನಿಜ. ಮಾಸ್ಕೋ ನೋಡಿದೆ, ಒಂದೂವರೆ ಗಂಟೆ. ನಾನಿರುವ ತ್ವೇರ್‌ನಿಂದ ಹೊರಟ ರೈಲು ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ಸ್ಟೇಷನ್‌ನಲ್ಲಿ ಇಳಿಸಿತು. ಪಕ್ಕದಲ್ಲೇ ಯಾರೊಸ್ಲಾವ್‌ಸ್ಕಿ ಸ್ಟೇಷನ್. ಬ್ಯಾಗ್ ಎಳೆದುಕೊಂಡು ಹೋಗಿ ಸೈಬೀರಿಯಾದ ಇರ್ಕುತ್ಸ್ಕ್ ಊರಿನ ಗಾಡಿ ಹತ್ತಿದೆವು. 5,185 ಕಿಲೋಮೀಟರ್, ಮೂರೂವರೆ ದಿನ. ಮೊದಲೇ ಹೇಳಿದ್ದರೆ ಅಮ್ಮ ನೀನು ನಿದ್ದೆ ಬಿಡುತ್ತಿದ್ದೆ. ಅದಕ್ಕೇ ಹೋಗಿ, ನೋಡಿ, ವಾಪಸ್ ಬರುವಾಗ ಬರೆಯುತ್ತಿದ್ದೇನೆ. ಒಬ್ಬಳೇ ಅಲ್ಲ, ರೂಮ್‌ಮೇಟ್ ದಾವಣಗೆರೆ ಹುಡುಗಿ ಜೊತೆಗಿದ್ದಾಳೆ. ಇದ್ದಾಳೆ ಅನ್ನೋದಕ್ಕಿಂತ ಮಲಗಿದ್ದಾಳೆ ಅನ್ನಬೇಕು. ಹತ್ತಿದಾಗಿನಿಂದ ಮಲಗೇ ಇದ್ದಾಳೆ.

ಎರಡು ವಾರದ ರಜೆಗೆ ಮೈಸೂರಿಗೆ ಬಂದು ಹೋಗೋಣ ಅಂದರೆ ವಿಮಾನದ ದುಡ್ಡು ನೋಡಿ ಎದೆ ಒಡೆಯಿತು. ಮಿಕ್ಕವರೆಲ್ಲ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ನನಗೆ ಈ ಗಾಡಿ ಹುಚ್ಚು ಎಲ್ಲಿಂದ ಬಂತು ಅಂತ ಅಪ್ಪನನ್ನೇ ಕೇಳು.

ಅಮ್ಮ, ನೀನು ಚಳಿ ಚಳಿ ಅಂತ ಹೆದರುತ್ತೀಯಲ್ಲ, ಇಲ್ಲಿ ಸೆಕೆ ತಡೆಯೋಕೆ ಆಗುತ್ತಿಲ್ಲ! ಬೋಗಿಯ ತುದಿಯಲ್ಲಿ ಒಂದು ಸಣ್ಣ ಬೋರ್ಡ್ ಇದೆ, ಒಳಗಿನ ಶಾಖ 27 ಡಿಗ್ರಿ ಅಂತ ತೋರಿಸುತ್ತದೆ. ಕಿಟಕಿ ತೆಗೆಯೋ ಹಾಗಿಲ್ಲ, ಚಳಿಗಾಲಕ್ಕೆ ಮುಚ್ಚಿಬಿಟ್ಟಿದ್ದಾರೆ. ಎಲ್ಲರೂ ಹತ್ತಿದ ಕೂಡಲೇ ಮನೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಾರೆ. ನೀನು ಹೆಣೆದು ಕಳಿಸಿದ ಸ್ವೆಟರ್ ದಿಂಬಾಗಿದೆ. ನಾನು ಅರ್ಧ ತೋಳಿನ ಅಂಗಿಯಲ್ಲಿ ಕೂತಿದ್ದೇನೆ.

ಅಪ್ಪ, ಇದು ನಿಮಗೆ. ನಾವಿರುವುದು ಪ್ಲಾಟ್ಸ್‌ಕಾರ್ತ್ ಬೋಗಿಯಲ್ಲಿ. ನಮ್ಮ ಸ್ಲೀಪರ್ ಕ್ಲಾಸ್ ಇದ್ದ ಹಾಗೇ, ಬಾಗಿಲಿಲ್ಲದ ಒಂಬತ್ತು ಬೇ, ಅಂದರೆ ಗೂಡು. ಆದರೆ ನಮ್ಮಲ್ಲಿ 72 ಬರ್ತ್, ಇಲ್ಲಿ 54. ಮಿಡಲ್ ಬರ್ತೇ ಇಲ್ಲ! ಆ ಕಡೆ ಎರಡು, ಈ ಕಡೆ ಎರಡು, ಸೈಡಿನಲ್ಲಿ ಎರಡು. ಮೇಲೆ ಮೂರನೆಯದೊಂದು ಅಟ್ಟ ಇದೆ, ಅದು ಹಾಸಿಗೆ, ಸಾಮಾನು ಇಡೋಕೆ. ಸೈಡ್ ಲೋಯರ್ ನಡುಭಾಗ ಮಗುಚಿದರೆ ಟೇಬಲ್ ಆಗುತ್ತದೆ. ಈ ಕಾಗದ ಬರೆಯುತ್ತಿರುವುದು ಅದರ ಮೇಲೇ. ಹಳಿಯ ಅಗಲ ನಮ್ಮ ಬ್ರಾಡ್‌ಗೇಜ್‌ಗಿಂತ ಕಮ್ಮಿ, 1,520 ಮಿಲಿಮೀಟರ್. ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗಿನ 9,288 ಕಿಲೋಮೀಟರ್ ಪೂರ್ತಿ ಕರೆಂಟ್ ಲೈನ್, 2002ರಲ್ಲಿ ಮುಗಿಸಿದರಂತೆ. ಆದರೂ ಪ್ರತಿ ಬೋಗಿಯಲ್ಲೂ ಒಂದು ಬಾಯ್ಲರ್ ಇದೆ. ಕರೆಂಟಿನಲ್ಲೂ ಉರಿಯುತ್ತದೆ, ಕಲ್ಲಿದ್ದಲಿನಲ್ಲೂ ಉರಿಯುತ್ತದೆ. ಅದರ ಬಿಸಿನೀರು ಗೋಡೆ ಬುಡದ ಪೈಪಿನಲ್ಲಿ ಸುತ್ತುತ್ತದೆ. ಇಂಜಿನ್ ಕೈಕೊಟ್ಟು ಕಾಡಿನ ಮಧ್ಯೆ ನಿಂತರೂ ಜನ ಸಾಯಬಾರದಲ್ಲ. ಬೆಳಗಿನ ಜಾವ ಇದ್ದಲಿನ ವಾಸನೆ ಬಂದಾಗ ನಿಮ್ಮ ಡ್ಯೂಟಿ ಶರ್ಟ್ ನೆನಪಾಯಿತು.

ಬೋಗಿಯ ಯಜಮಾನಿ ಅಂದರೆ ಪ್ರೊವೊದ್ನಿತ್ಸ. ನಮ್ಮ ಟಿಟಿಇ, ಅಟೆಂಡರ್, ಕ್ಲೀನರ್ ಮೂವರೂ ಸೇರಿ ಒಬ್ಬ ಹೆಂಗಸಾದ ಹಾಗೆ. ಒಂದು ಬೋಗಿಗೆ ಇಬ್ಬರು, ಪಾಳಿ ಮೇಲೆ. ಟಿಕೆಟ್ ನೋಡೋದು, ಗುಡಿಸೋದು, ಬಾಯ್ಲರ್ ನೋಡಿಕೊಳ್ಳೋದು, ಸ್ಟೇಷನ್ ಬಂದಾಗ ಕೊಡಲಿ, ಹಾರೆ ಹಿಡಿದು ಬೋಗಿ ಕೆಳಗೆ ಗಟ್ಟಿಯಾದ ಮಂಜು ಒಡೆಯೋದು, ಎಲ್ಲ ಅವರೇ. ಹೋಗುವಾಗಿನ ನಮ್ಮ ಪ್ರೊವೊದ್ನಿತ್ಸ ನಗೋದೇ ಇಲ್ಲ. ಪೆರ್ಮ್‌ನಲ್ಲಿ ಟೋಪಿ ಇಲ್ಲದೆ ಕೆಳಗಿಳಿಯಲು ಹೋದೆ. ಬಾಗಿಲಲ್ಲೇ ತಡೆದು, ತೋಳು ಹಿಡಿದು ವಾಪಸ್ ತಳ್ಳಿದಳು. ಇಡೀ ಬೋಗಿ ನೋಡಿತು. ಎದುರು ಬರ್ತಿನ ಅಜ್ಜಿಯೂ ಸೇರಿಕೊಂಡು ಬೈದರು. ಅಮ್ಮ, ನಿನ್ನ ದನಿಯೇ, ಭಾಷೆ ಮಾತ್ರ ಬೇರೆ.

ಅದೇ ಯಜಮಾನಿ ಮಾರನೇ ದಿನ ನನ್ನ ಪಕ್ಕ ಬಂದು ಕೂತಿದ್ದಳು. ಕಾರಣ ನಿನ್ನ ಗೊಜ್ಜವಲಕ್ಕಿ ಪುಡಿ. ಬೋಗಿಯಲ್ಲಿ ತಿತಾನ್ ಅಂತ ದೊಡ್ಡ ಬಿಸಿನೀರಿನ ಹಂಡೆ ಇದೆ, ಹಗಲೂ ರಾತ್ರಿ ಕುದಿನೀರು ಸಿಗುತ್ತದೆ. ಎಲ್ಲರೂ ಅದರಿಂದಲೇ ಚಹಾ, ಡಬ್ಬಿ ನೂಡಲ್ಸ್ ಮಾಡಿಕೊಳ್ಳುತ್ತಾರೆ. ನಾನು ಸ್ಟೀಲ್ ಡಬ್ಬಿಯಲ್ಲಿ ಪುಡಿ ಹಾಕಿ, ಬಿಸಿನೀರು ಬಿಟ್ಟು, ಮುಚ್ಚಿ, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದೆ. ಹುಣಸೆಹುಳಿ, ಇಂಗು, ಸಾರಿನಪುಡಿ ಎಲ್ಲ ಒಟ್ಟಿಗೆ ಎದ್ದಿತು. ಕಿಟಕಿ ಮುಚ್ಚಿದ ಬೋಗಿ ಬೇರೆ, ಕೇಳಬೇಕಾ! ಮೂರು ಬೇ ಆಚೆಯಿಂದ ಒಂದು ಮಗು ಎದ್ದು ನೋಡಿತು. ಯಜಮಾನಿ ಒಂದು ಚಮಚ ತಿಂದಳು, ಕೆಮ್ಮಿದಳು, ಇನ್ನೊಂದು ಚಮಚ ಕೇಳಿದಳು. ಆಮೇಲೆ ಬೆಳ್ಳಿ ಬಣ್ಣದ ಹಿಡಿ ಇರುವ ಗಾಜಿನ ಲೋಟದಲ್ಲಿ ಚಹಾ ತಂದಿಟ್ಟು, ದುಡ್ಡು ಬೇಡ ಅಂತ ಕೈ ಆಡಿಸಿದಳು. ಆ ಹಿಡಿಗೆ ಪೊದ್‌ಸ್ತಕಾನ್ನಿಕ್ ಅಂತಾರೆ. ಗಾಡಿ ಓಡುವಾಗ ಚಮಚ ಲೋಟಕ್ಕೆ ತಾಗಿ ಕಿಣಿಕಿಣಿ ಅನ್ನುತ್ತದೆ. ಅಜ್ಜಿ ತಮ್ಮ ಪಾಲಿಗೆ ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ ಉಪ್ಪಿನಕಾಯಿ ಕೊಟ್ಟರು. ನಾನು ಮಾಂಸ ತಿನ್ನಲ್ಲ ಅಂದಿದ್ದಕ್ಕೆ ಪಾಪ ಅಂತ ನೋಡಿ, ಹಾಗಾದರೆ ಕೋಳಿ ತಿನ್ನು ಅಂದರು.

ಮಾಸ್ಕೋದಿಂದ 1,777ನೇ ಕಿಲೋಮೀಟರಿನಲ್ಲಿ ಯುರೋಪ್ ಮುಗಿದು ಏಷ್ಯಾ ಶುರುವಾಗುತ್ತದೆ, ಹಳಿ ಪಕ್ಕ ಬಿಳಿ ಕಂಬ ನೆಟ್ಟಿದ್ದಾರೆ. ರಾತ್ರಿ ಎದ್ದು ಕೂತು ಕಾದೆ. ಕಿಟಕಿ ಗಾಜಿನಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ.

ಅಲ್ಲಿಂದ ಮುಂದೆ ಬರೀ ಭೂರ್ಜ ಮರ, ಮಂಜು, ಮರ, ಮಂಜು. ಬೇಜಾರಾಗಲಿಲ್ವಾ ಅಂತ ಕೇಳ್ತೀಯ. ಆಯಿತು, ಎರಡನೇ ದಿನ ಮಧ್ಯಾಹ್ನ ಸಿಕ್ಕಾಪಟ್ಟೆ. ಗಡಿಯಾರವೂ ಕೈಗೆ ಸಿಗಲ್ಲ. ಇರ್ಕುತ್ಸ್ಕ್ ಮಾಸ್ಕೋಗಿಂತ ಐದು ಗಂಟೆ ಮುಂದೆ. ಹೋದ ವರ್ಷ ಆಗಸ್ಟ್‌ವರೆಗೂ ಟಿಕೆಟ್ ಮೇಲೆ ಎಲ್ಲ ಕಡೆಗೂ ಮಾಸ್ಕೋ ಟೈಮೇ ಬರೆಯುತ್ತಿದ್ದರಂತೆ, ಈಗ ಆಯಾ ಊರಿನ ಟೈಮು. ನನ್ನ ಹೊಟ್ಟೆ ಮಾತ್ರ ಹಳೇ ಪದ್ಧತಿಯಲ್ಲೇ ಇದೆ, ನಡುರಾತ್ರಿ ಊಟ ಕೇಳುತ್ತದೆ.

ಅಪ್ಪ, ನಿಮಗೆ ಹೇಳಲೇಬೇಕಾದ್ದು ಕ್ರಾಸ್ನೊಯಾರ್ಸ್ಕ್. ಅಲ್ಲಿನ ಸ್ಟೇಷನ್ ದಾಟಿದ ಮೇಲೆ ಯೆನಿಸೇ ನದಿಗೆ ಸೇತುವೆ. ನದಿ ಹರಿದು ಬರುವ ಕಡೆ ಅಣೆಕಟ್ಟು ಇರುವುದರಿಂದ ಆ ಊರಿನ ಹತ್ತಿರ ನದಿ ಹೆಪ್ಪುಗಟ್ಟಲ್ಲ. ಅವತ್ತು ಹೊರಗೆ ಮೈನಸ್ 33. ಸ್ನಾನದ ಹಂಡೆ ಮುಚ್ಚಳ ತೆಗೆದ ಹಾಗೆ ನದಿ ತುಂಬ ಹೊಗೆ. ಸೇತುವೆಗೂ ಮೊದಲು, ಸ್ಟೇಷನ್‌ನಲ್ಲಿ ಗಾಡಿ ನಿಂತಾಗ ಪ್ಲಾಟ್‌ಫಾರಂಗೆ ಇಳಿದಿದ್ದೆ (ಟೋಪಿ ಹಾಕಿಕೊಂಡೇ, ಅಮ್ಮ). ಮೂಗಿನೊಳಗಿನ ಕೂದಲು ಮುಳ್ಳಾಯಿತು, ರೆಪ್ಪೆ ಅಂಟಿಕೊಂಡವು. ಆಗ ಟಣ್ ಅಂತು. ಸ್ವಲ್ಪ ಬಿಟ್ಟು ಮತ್ತೆ ಟಣ್. ಕಿತ್ತಳೆ ಜಾಕೆಟ್ ಹಾಕಿದ ಒಬ್ಬ ಮನುಷ್ಯ ಉದ್ದ ಹಿಡಿಯ ಸುತ್ತಿಗೆ, ಟಾರ್ಚ್ ಹಿಡಿದು ಒಂದೊಂದೇ ಚಕ್ರ ತಟ್ಟಿಕೊಂಡು ಬರುತ್ತಿದ್ದ. ಚಕ್ರ ತಟ್ಟಿ, ಬಗ್ಗಿ ಆಕ್ಸಲ್ ಬಾಕ್ಸ್ ನೋಡಿ, ಮುಂದಕ್ಕೆ. ಸರಿ ಇರುವ ಚಕ್ರ ಗಂಟೆ ಥರ ಹಾಡುತ್ತೆ, ಬಿರುಕು ಬಿಟ್ಟಿದ್ದು ಒಡೆದ ಮಡಕೆ ಥರ ಗೊರಗುಟ್ಟುತ್ತೆ ಅಂತ ನೀವು ಅಶೋಕಪುರಂ ವರ್ಕ್‌ಶಾಪಿನಿಂದ ಬಂದು ಊಟದ ತಟ್ಟೆ ತಟ್ಟಿ ತೋರಿಸುತ್ತಿದ್ದಿರಿ, ನೆನಪಿದೆಯಾ? ನಾನು ನಿಂತು ನಮ್ಮ ಬೋಗಿಯ ಎಂಟು ಚಕ್ರವನ್ನೂ ಕೇಳಿದೆ. ಎಂಟೂ ಗಂಟೆಯೇ. ಆ ಮನುಷ್ಯನಿಗೆ ನಮ್ಮಪ್ಪನೂ ಇದೇ ಕೆಲಸ ಮಾಡುತ್ತಿದ್ದರು ಅಂತ ನನ್ನ ಹರುಕುಮುರುಕು ರಷ್ಯನ್‌ನಲ್ಲಿ ಹೇಳಿದೆ. ಎಲ್ಲಿ ಅಂದ. ಇಂಡಿಯಾ ಅಂದೆ. ಸುತ್ತಿಗೆ ಕಂಕುಳಿಗೆ ಸಿಕ್ಕಿಸಿ, ಗ್ಲೌಸ್ ತೆಗೆದು ಕೈ ಕುಲುಕಿದ. ಆ ಚಳಿಯಲ್ಲಿ ಗ್ಲೌಸ್ ತೆಗೆದ, ಅಪ್ಪ.

ಬೈಕಾಲ್ ಸರೋವರದ ಬಗ್ಗೆ ಜಾಸ್ತಿ ಬರೆಯಲ್ಲ, ಫೋಟೋ ತೋರಿಸುತ್ತೇನೆ. ಇರ್ಕುತ್ಸ್ಕ್‌ನಿಂದ ಬಸ್ಸಿನಲ್ಲಿ ಸರೋವರದ ದಡದ ಲಿಸ್ತ್ವ್ಯಾಂಕಕ್ಕೆ ಹೋದೆವು. ಅತಿ ಆಳದ ಕಡೆ 1,642 ಮೀಟರ್ ಇರುವ ಸರೋವರ, ಅದರ ಮೇಲೆ ಮಂಜುಗಡ್ಡೆ, ಅದರ ಮೇಲೆ ನಾವಿಬ್ಬರು. ಅಂಗಾರ ನದಿ ಹೊರಡುವ ಕಡೆ ಮಾತ್ರ ನೀರು ಕಪ್ಪಗೆ ಹರಿಯುತ್ತಿತ್ತು, ಬಾತುಕೋಳಿ ಈಜುತ್ತಿದ್ದವು. ದಾವಣಗೆರೆಯವಳು ಅಲ್ಲಿ ಎಚ್ಚರವಾಗಿದ್ದಳು. ಹೊಗೆಯಲ್ಲಿ ಬೇಯಿಸಿದ ಮೀನು ಎರಡು ತಿಂದು, ಗಾಡಿ ಹತ್ತಿ ಮತ್ತೆ ಮಲಗಿದಳು.

ಈಗಿನ ಪ್ರೊವೊದ್ನಿತ್ಸ ಬೇರೆ, ಮಾತುಗಾತಿ. ಗೊಜ್ಜವಲಕ್ಕಿ ಕೊನೇ ಹಿಡಿ ಉಳಿದಿದೆ, ಅವಳಿಗೆ ಕೊಡಬೇಕೋ ನಾನೇ ತಿನ್ನಬೇಕೋ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಮುಂದಿನ ಪಾರ್ಸೆಲ್‌ನಲ್ಲಿ ಜಾಸ್ತಿ ಕಳಿಸು. ತೆಂಗಿನಕಾಯಿ ಹಾಕಬೇಡ, ಕೊಬ್ಬರಿ ಹಾಕು.

ಅಪ್ಪ, ರಿಟೈರ್ ಆದಮೇಲೆ ಸಿಗುವ ಪಾಸಿನಲ್ಲಿ ತಿರುಪತಿ ಬಿಟ್ಟು ಎಲ್ಲೂ ಹೋಗಿಲ್ಲ ನೀವು. ಈ ವರ್ಷವಾದರೂ ಅಮ್ಮನನ್ನು ಕರೆದುಕೊಂಡು ದೂರದ ಗಾಡಿ ಹತ್ತಿ.

ಬರಾಬಿನ್ಸ್ಕ್ ಬರುತ್ತಿದೆಯಂತೆ, ಅರ್ಧ ಗಂಟೆ ನಿಲ್ಲುತ್ತದೆ. ಅಲ್ಲೂ ಚಕ್ರ ತಟ್ಟುತ್ತಾರೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ನಿಮಗೆ ಕಳಿಸುತ್ತೇನೆ. ಚಳಿಗೆ ಫೋನ್ ಆಫ್ ಆಗದಿರಲಿ ಅಂತ ಈಗಿನಿಂದಲೇ ಅಂಗಿಯೊಳಗೆ ಇಟ್ಟುಕೊಂಡಿದ್ದೇನೆ. ಟೋಪಿ ಒಂದು ಎಲ್ಲಿ ಹೋಯಿತೋ.

ನಿಮ್ಮ
ಪುಟ್ಟಿ