ಒಂದ್ಸಲ, ಎರಡ್ಸಲ... (ಗೆಳೆಯನಿಗೊಂದು ಪತ್ರ)

ಮಾರಾಯ,

ನಿನಗೊಬ್ಬನಿಗೇ ಬರೆದರೆ ಹೆಬ್ಬೆರಳಿನ ಚಿತ್ರ ಒತ್ತಿ ಮಲಗುತ್ತೀ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ, ಮರ್ಯಾದೆಗಾದರೂ ಉತ್ತರ ಕೊಡು. ಓದುತ್ತಿರುವ ಉಳಿದವರು ಕೋಳಿ ಕೇಸಿನ ಬಗ್ಗೆ ಕೇಳಬಾರದು.

ಇಂಗ್ಲೆಂಡಿನ ಡೆವನ್‌ನ ಈ ಹಳ್ಳಿಯಲ್ಲಿ ಭಾನುವಾರ ಏನು ಮಾಡುತ್ತೀ ಅಂತ ಕೇಳಿದ್ದೆಯಲ್ಲ. ಚಹಾ ಮಾಡುತ್ತೇನೆ. ಚರ್ಚಿನ ಬಾಗಿಲ ಹತ್ತಿರ ಒಂದು ಪಟ್ಟಿ ತೂಗುಹಾಕಿದ್ದಾರೆ: ಈ ವಾರ ಹೂವು ಯಾರದ್ದು, ವಾಚನ ಯಾರದ್ದು, ಚಹಾ ಯಾರದ್ದು. ಒಮ್ಮೆ ಅದಕ್ಕೆ ಹೆಸರು ಹತ್ತಿತೆಂದರೆ ಸಾಯುವ ತನಕ ಇಳಿಯುವುದಿಲ್ಲ. ಮೊದಲ ವಾರವೇ ಒಬ್ಬ ಅಜ್ಜಿ ಬಿಸ್ಕತ್ತಿನ ತಟ್ಟೆ ಹಿಡಿದು ಬಂದು, "ನೀವು ಯಾವಾಗ ಕ್ರೈಸ್ತರಾದದ್ದು?" ಎಂದು ಮೆಲ್ಲ ಕೇಳಿದರು. ಮುತ್ತಜ್ಜನ ಕಾಲದಲ್ಲಿ ಅಂದೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು, 1947ರಲ್ಲಿ ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಎಲ್ಲ ಕೂಡಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದ್ದು, ಒಂದೂ ಬಿಡದೆ ಹೇಳಿದೆ. ಅವರ ಚಹಾ ತಣ್ಣಗಾಯಿತು. ಆಮೇಲೆ ಯಾರೂ ಕೇಳಿಲ್ಲ.

ಇಲ್ಲಿ ಕಾಲ ಸರಿದದ್ದು ತಿಳಿಯುವುದು ಚರ್ಚಿನಿಂದಲೇ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಲೆಂಟ್, ಬಂದರೆ ಹೂವಿಲ್ಲ. ನಡುವೆ ತಾಯಂದಿರ ಭಾನುವಾರಕ್ಕೆ ಸಿಮ್ನೆಲ್ ಕೇಕು, ಮೇಲೆ ಬಾದಾಮಿ ಹಿಟ್ಟಿನ 11 ಉಂಡೆ. ಯೇಸುವಿನ ಶಿಷ್ಯರು 12 ಜನ, ಹಿಡಿದುಕೊಟ್ಟ ಯೂದನಿಗೆ ಸೀಟಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಸಣ್ಣ ಜಾತ್ರೆ, ಜೊತೆಗೆ ಮಳೆ. ಇವತ್ತು ಅಡ್ವೆಂಟಿಗೆ, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ವಾರಗಳಿಗೆ, ಮುಂಚಿನ ಕೊನೆಯ ಭಾನುವಾರ. ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಈ ದಿನದ ಪ್ರಾರ್ಥನೆ "ಕದಡು, ಕರ್ತನೇ" ಎಂದು ಶುರುವಾಗುತ್ತದೆ. ಅದನ್ನು ಕೇಳಿಸಿಕೊಂಡು ಮನೆಗೆ ಹೋಗಿ ಕ್ರಿಸ್‌ಮಸ್ ಪುಡಿಂಗ್ ಕದಡುವುದು ವಾಡಿಕೆ. ಮನಸ್ಸು ಕದಡಲಿ ಅಂತ ಬೇಡಿಕೊಂಡು ಒಣದ್ರಾಕ್ಷಿ ಕದಡುವ ಜನ.

ನನಗೆ ಕದಡಿದ್ದು ಸುಗ್ಗಿ ಹಬ್ಬದಲ್ಲೇ.

ಇಲ್ಲಿಯ ಸುಗ್ಗಿ ಹಬ್ಬಕ್ಕೆ ಬಸಳೆ ಕಟ್ಟಿಲ್ಲ, ಬಾಳೆಗೊನೆಯಿಲ್ಲ, ಕಾಲು ಕಟ್ಟಿದ ಕೋಳಿಯಿಲ್ಲ (ನಗಬೇಡ). ಬೀನ್ಸ್ ಡಬ್ಬಿ, ಪಾಸ್ತಾ ಪೊಟ್ಟಣ, ಎಲ್ಲ ಇಲ್ಲದವರಿಗೆ ಹಂಚುವ ಫುಡ್ ಬ್ಯಾಂಕಿಗೆ ಹೋಗುತ್ತದೆ. ಚರ್ಚಿನಲ್ಲಿ ಈಗ ಆಚರಿಸುವ ರೀತಿಗೆ ನಾಂದಿ ಹಾಡಿದ್ದು ಪಕ್ಕದ ಕಾರ್ನ್‌ವಾಲ್‌ನ ಮೋರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರಲ್ಲಿ. ನಮ್ಮ ಬಾಸೆಲ್ ಮಿಶನಿನ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಅಚ್ಚು ಹಾಕಿದ ವರ್ಷವೂ ಅದೇ. ಈ ಜ್ಞಾನದ ಜೊತೆಗೆ ನಮ್ಮೂರ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಹರಾಜು ಹಾಕುವ ಕಥೆಯನ್ನೂ ಹೇಳಿದ ತಪ್ಪಿಗೆ, ಹಾಗಾದರೆ ನೀನೇ ಮಾಡಿ ತೋರಿಸು ಅಂದರು. ಚಾವಣಿ ಸೋರುತ್ತಿದೆ, ದುಡ್ಡು ಬೇಕು.

ಮಾಲು ಒಂದು ಮ್ಯಾರೋ. ಮಂಗಳೂರು ಸೌತೆಯ ದೊಡ್ಡಣ್ಣ ಅಂದುಕೋ, ಎತ್ತಿಕೊಂಡರೆ ಮೂರು ತಿಂಗಳ ಮಗುವಿನಷ್ಟು ಭಾರ. ಒಬ್ಬರು ನಾಲ್ಕು ಪೌಂಡ್ ಅಂದರು. ಮುಗಿಯಿತು. ಒಬ್ಬರು ಕೂಗಿದ ಮೇಲೆ ಇನ್ನೊಬ್ಬರು ಐದು ಅನ್ನುವುದು ಇವರ ಪ್ರಕಾರ ಅಸಭ್ಯತೆ! "ಒಂದ್ಸಲ" ಅಂತ ಕನ್ನಡದಲ್ಲೇ ಎಳೆದೆ. "ಎರಡ್ಸಲ..." ಅಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದೆ.

ನಿನಗೆ ಗೊತ್ತಲ್ಲ, ಅದು ಯಾರ ಅಭ್ಯಾಸ ಅಂತ. ಮೂರನೇ ಸಲ ಹೇಳದೆ ಕನ್ನಡಕ ಒರೆಸುತ್ತಾ ನಿಂತರೆ ಯಾರಾದರೂ ಕೂಗಿಯೇ ಕೂಗುತ್ತಾರೆ ಅಂತ ಅಪ್ಪನ ಲೆಕ್ಕ. ನಾನು ಕಲಿತದ್ದಲ್ಲ ಮಾರಾಯ, ಕೈ ತಾನಾಗಿ ಹೋಯಿತು. ಸ್ವರವೂ ಅವರದ್ದೇ. ಮೂರು ಅನ್ನಲು ಬಾಯಿ ಬರಲಿಲ್ಲ. "ಹನ್ನೆರಡು ಪೌಂಡ್" ಅಂದೆ, ನಾನೇ.

ನವೆಂಬರ್ ಶುರುವಿಗೆ ಸತ್ತವರನ್ನು ನೆನೆಯುವ ಆರಾಧನೆ. ಹಿಂದಿನ ಮೇಜಿನ ಮೇಲೆ ಹಾಳೆ ಇಟ್ಟಿರುತ್ತಾರೆ, ನಮ್ಮವರ ಹೆಸರು ಬರೆಯಬೇಕು. ಬರೆದೆ. ಓದುವ ಹೆಂಗಸು ಬಾಗಿಲಲ್ಲೇ ನನ್ನನ್ನು ತಡೆದು, ಹೇಳಿಕೊಡು ಎಂದು ಮೂರು ಸಲ ಹೇಳಿಸಿಕೊಂಡರು. ಹೇಗೂ ಹೆಸರನ್ನು ಕೊಲ್ಲುತ್ತಾರೆ, ಒಳಗೊಳಗೇ ನಗೋಣ ಅಂತ ಸಿದ್ಧನಾಗಿ ಕೂತಿದ್ದೆ. ಮಾರ್ಗರೆಟ್, ಡೋರಿಸ್, ಜಾನ್ ಆದ ಮೇಲೆ ಅಪ್ಪನ ಹೆಸರು ಬಂತು. ಒಂದು ಅಕ್ಷರ ತಪ್ಪಲಿಲ್ಲ. 'ಳ'ಕಾರ ಕೂಡ ಸರಿ. ನಗುವುದಕ್ಕೆ ಏನೂ ಸಿಗದೆ ಹೋದದ್ದೇ ನನಗೆ ಕಷ್ಟವಾಯಿತು.

ಮರುವಾರ ಮೋರ್ವೆನ್‌ಸ್ಟೋಗೆ ಹೋಗಿದ್ದೆ. ಕಡಲ ಬಂಡೆಯ ಮೇಲಿನ ಚರ್ಚು. ಅಲ್ಲಿ ಹಡಗು ಒಡೆದು ಸತ್ತವರನ್ನು ದಡದಲ್ಲೇ ಮಣ್ಣು ಮಾಡುವ ರೂಢಿಯಿದ್ದಾಗ, ಈ ಹಾಕರ್ ಹೆಣಗಳನ್ನು ಮೇಲೆ ತರಿಸಿ ಚರ್ಚಿನ ಅಂಗಳದಲ್ಲೇ ಹೂಳುತ್ತಿದ್ದ. ಹೆಸರೂ ಗೊತ್ತಿಲ್ಲದವರನ್ನು. 1842ರಲ್ಲಿ ಒಡೆದ ಕ್ಯಾಲಿಡೋನಿಯಾ ಹಡಗಿನ ಮೂತಿಯಲ್ಲಿದ್ದ ಬೊಂಬೆಯ ಪ್ರತಿರೂಪ ಅಲ್ಲಿ ನಿಂತಿದೆ, ಬೆಳ್ಳಗೆ, ಕೈಯಲ್ಲಿ ಕತ್ತಿ ಗುರಾಣಿ. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ.

ರಜೆ ಸಿಗಲಿಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ಸಿಕ್ಕಿತ್ತು. ಟಿಕೆಟ್ ಪರದೆಯ ಮೇಲೇ ಇತ್ತು. "ಮೂರು ದಿನ ಇಡುವುದು ಬೇಡ, ನೀನು ಆಮೇಲೆ ಬಾ" ಅಂತ ಅಣ್ಣ ಒಂದ್ಸಲ ಹೇಳಿದ, ಅಷ್ಟೆ. ಎರಡನೇ ಸಲ ಹೇಳುವ ತನಕವೂ ಕಾಯಲಿಲ್ಲ, "ಸರಿ" ಅಂದುಬಿಟ್ಟೆ. ಹಗುರ ಅನಿಸಿತ್ತು ಮಾರಾಯ. ಪೆಟ್ಟಿಗೆ ಎತ್ತಿದಾಗ ಫೋನಿನಲ್ಲಿ ನನಗೆ ಪೂರ್ತಿ ಕಂಡದ್ದು ನಿನ್ನ ಎಡಭುಜ ಮಾತ್ರ. ನಾನಿರಬೇಕಾದ ಜಾಗ ಅದು.

ಇಷ್ಟು ಬರೆಯಬೇಕೆಂದಿರಲಿಲ್ಲ. ಅಳಿಸಿದರೆ ಪತ್ರದಲ್ಲಿ ಕೇಕು ಮಾತ್ರ ಉಳಿಯುತ್ತದೆ, ಇರಲಿ. ನೀನು ಫೋನ್ ಮಾಡಿ ಗದ್ಗದ ಸ್ವರ ತೆಗೆಯಬೇಡ, ನಿನಗದು ಒಪ್ಪುವುದಿಲ್ಲ.

ಸದ್ಯಕ್ಕೆ ನನ್ನ ಮೇಲೆ 60 ಕಿತ್ತಳೆಯ ಭಾರ ಬಿದ್ದಿದೆ. ಕ್ರಿಸ್ಟಿಂಗಲ್ ಆರಾಧನೆಗೆ ಒಂದೊಂದಕ್ಕೂ ಕೆಂಪು ರಿಬ್ಬನ್ ಸುತ್ತಿ, ನೆತ್ತಿಗೆ ಮೇಣದಬತ್ತಿ ಸಿಕ್ಕಿಸಿ, ನಾಲ್ಕು ಕಡ್ಡಿಗೆ ಒಣದ್ರಾಕ್ಷಿ ಚುಚ್ಚಿ ಮಕ್ಕಳಿಗೆ ಕೊಡಬೇಕು. ಹೋದ ವರ್ಷ ಒಬ್ಬ ಹುಡುಗ ಮುಂದೆ ನಿಂತವಳ ಜಡೆಗೆ ಬೆಂಕಿ ತಾಗಿಸಿಯೇ ಬಿಡುತ್ತಿದ್ದ. ಚಹಾ ಪಾತ್ರೆಯೊಂದಿಗೆ ಓಡಿದ್ದು ಯಾರು ಅಂತ ಬೇರೆ ಹೇಳಬೇಕಿಲ್ಲ.

ಮತ್ತೆ, ಆ ಮ್ಯಾರೋ ಅಡಿಗೆಮನೆಯಲ್ಲಿ ಇನ್ನೂ ಹಾಗೇ ಕೂತಿದೆ. ಸೌತೆಕಾಯಿ ಹುಳಿಯ ಹಾಗೆ ಮಾಡಿದರೆ ಆದೀತೋ ಅಂತ ನಿನ್ನ ಅಮ್ಮನ ಹತ್ತಿರ ಕೇಳಿ ಹೇಳು. ಹನ್ನೆರಡು ಪೌಂಡ್ ಕೊಟ್ಟೆ ಅಂತ ಮಾತ್ರ ಹೇಳಬೇಡ.

ನಿನ್ನ,
ಕೋಳಿ ಕೇಸಿನ ಎರಡನೇ ಆರೋಪಿ